ಪರದೆ ಬೇಡ, ಹೊಳೆ ಬಲ್ಲವರಿಗೊಂದು ಕುರ್ಚಿ ಇರಲಿ

ಮಾನ್ಯ ರಾಯಚೂರು ಜಿಲ್ಲಾಧಿಕಾರಿಗಳಿಗೆ,

ಸಾಹೇಬರೇ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ತಾವೇ ಆಗಿರುವುದರಿಂದ ಕುರ್ಡಿಯಿಂದ ಈ ಪತ್ರ ತಮಗೇ.

2019ರ ಆಗಸ್ಟ್‌ನಲ್ಲಿ ನಾರಾಯಣಪುರ ಅಣೆಕಟ್ಟೆಯಿಂದ 6 ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರು. ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿ ಬಳಿ ಸೇತುವೆ ಮೇಲೇ ಕೃಷ್ಣಾ ಹೊಳೆ ಹರಿಯಿತು. ಅಂಚು ಎಲ್ಲಿದೆಯೆಂದು ಕಾಣದೆ ನಿಂತ ಆಂಬುಲೆನ್ಸ್‌ಗೆ ದಾರಿ ತೋರಿಸಿದ್ದು, ನೀರಲ್ಲಿ ಬೀಳುತ್ತ ಏಳುತ್ತ ಮುಂದೆ ಓಡಿದ ಆ ಊರಿನ ಹುಡುಗ. ಅವನಿಗೆ ಶೌರ್ಯ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ಆವತ್ತು ಇಡೀ ಜಿಲ್ಲೆಯ ತುರ್ತು ಸೇವೆ ಒಬ್ಬ ಶಾಲಾ ಹುಡುಗನ ಕಾಲ್ಬಲದ ಮೇಲೆ ನಿಂತಿತ್ತಲ್ಲ, ಅದನ್ನು ಚಪ್ಪಾಳೆಯಲ್ಲಿ ಮರೆಯಬಾರದು.

ಅಂಥ ದಿನ ಮತ್ತೆ ಬಾರದಿರಲು, ನೆರೆ ಬಂದ ಜಾಗಕ್ಕೇ ಹೋಗಿ ನಿಂತು ಎಲ್ಲ ಇಲಾಖೆಗಳ ಕೆಲಸ ನಡೆಸುವ ಸಂಚಾರಿ ಕಮಾಂಡ್ ವಾಹನವೊಂದು ಜಿಲ್ಲೆಗೆ ಬೇಕು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಮ್ಮ ಕುರ್ಡಿ ನಡುವೆ. ಮಳೆಗಾಲದಲ್ಲಿ ವಾಹನವನ್ನು ಇಲ್ಲೇ ನಿಲ್ಲಿಸಿದರೆ ಎರಡೂ ಕಡೆ ಓಡೀತು. (ಊರಿನ ಮೇಲಿನ ಅಭಿಮಾನವೂ ಸ್ವಲ್ಪ ಇದೆ ಅನ್ನಿ.)

ಆದರೆ ದೊಡ್ಡ ಬಸ್ಸು ಬೇಡ. ಮಳೆ ಬಿದ್ದ ಎರೆ ನೆಲದಲ್ಲಿ ಟ್ರ್ಯಾಕ್ಟರೇ ಹೂತುಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ, ಹಳ್ಳಿಯ ಓಣಿಯಲ್ಲಿ ತಿರುಗುವಷ್ಟು ಗಿಡ್ಡ ಗಾಡಿ ಸಾಕು. ಬ್ಯಾಟರಿ, ಜನರೇಟರ್‌ನಂಥ ಭಾರವೆಲ್ಲ ತಳದಲ್ಲಿರಲಿ, ಇಲ್ಲವಾದರೆ ಓರೆ ರಸ್ತೆಯಲ್ಲಿ ವಾಲುತ್ತದೆ. ಜನರೇಟರ್ ಸದ್ದು ವೈರ್‌ಲೆಸ್ ಕೇಳುವವರ ಕಿವಿಗೆ ಬೀಳಬಾರದು. ಆಂಟೆನಾ ಕಂಬ ಪೂರ್ತಿ ಇಳಿಯದ ಹೊರತು ಗಾಡಿ ಕದಲದಂತೆ ಲಾಕ್ ಬೇಕೇ ಬೇಕು. ನಮ್ಮ ರಸ್ತೆಗಳ ಮೇಲೆ ಕರೆಂಟಿನ ತಂತಿಗಳು ಎಷ್ಟು ಕೆಳಗೆ ಜೋಲುತ್ತವೆಂದು ತಾವೂ ನೋಡಿದ್ದೀರಿ. ಟವರ್‌ನ ಕರೆಂಟ್ ಬಹಳ ಹೊತ್ತು ಹೋದರೆ ಮೊಬೈಲ್ ಸತ್ತಂತೆ, ಹಾಗಾಗಿ ಒಂದು ಸ್ಯಾಟಲೈಟ್ ಫೋನ್ ಇರಲಿ.

ಗೋಡೆ ತುಂಬ ಪರದೆ ಹಾಕಿಸಲು ಹೇಳುವವರು ಬರುತ್ತಾರೆ. ಅದರ ಬದಲು ಒಂದೇ ಮೇಜಿನ ಸುತ್ತ ಪೊಲೀಸ್, ಅಗ್ನಿಶಾಮಕ, ಕಂದಾಯ, ಆರೋಗ್ಯ, ಜೆಸ್ಕಾಂ ಸಿಬ್ಬಂದಿ ಕೂರಲಿ, 112 ಮತ್ತು 108ರ ಕರೆಗಳ ಸುದ್ದಿ ಅಲ್ಲಿಗೇ ಬರಲಿ. ನಾರಾಯಣಪುರ, ತುಂಗಭದ್ರಾ ಅಣೆಕಟ್ಟೆಗಳ ಹೊರಹರಿವು ಗಂಟೆಗೊಮ್ಮೆ ಹಲಗೆಯ ಮೇಲೆ ಬೀಳಲಿ. ಹೊಳೆಯಾಚೆಯ ತೆಲಂಗಾಣದ ಜುರಾಲಾ ಅಣೆಕಟ್ಟೆಗೆ ಫೋನ್ ಹಚ್ಚಿ ತೆಲುಗಿನಲ್ಲಿ ಮಾತಾಡುವವರೊಬ್ಬರು ಇರಲಿ. ಮತ್ತೊಂದು ಕುರ್ಚಿಯನ್ನು ನೆರೆ ಬಂದ ಊರಿನ ಮೀನುಗಾರರಿಗೋ ನೀರುಗಂಟಿಗೋ ಕಾದಿಡಿ. ನೀರಡಿಯ ರಸ್ತೆ ಎಲ್ಲಿ ಕೊರೆದಿದೆ ಎಂಬುದು ಉಪಗ್ರಹದ ನಕ್ಷೆಗೆ ಗೊತ್ತಿರುವುದಿಲ್ಲ. ಆ ಮೇಜಿನ ಸುತ್ತ ಯಾರ ಮಾತು ಕೊನೆಯದು ಎಂಬ ಆದೇಶವೂ ಮೊದಲೇ ಬರವಣಿಗೆಯಲ್ಲಿರಲಿ.

ಟೆಂಡರ್ ಕರೆಯುವ ಮೊದಲು ಒಂದು ಕೆಲಸ ಮಾಡಿ. ಮಳೆ ನಿಂತ ರಾತ್ರಿ ಯಾವುದಾದರೂ ಹಳೆ ಸರ್ಕಾರಿ ಲಾರಿಯನ್ನು, ಎಲ್ಲರ ಮೊಬೈಲ್ ಬಂದ್ ಮಾಡಿಸಿ, ಕುರ್ಡಿಯಿಂದ ಹಿರೇರಾಯನಕುಂಪಿವರೆಗೆ ಓಡಿಸಿ ನೋಡಿ. ಅದು ಸಿಕ್ಕಿಬಿದ್ದ ಜಾಗ, ವೈರ್‌ಲೆಸ್ ಸಿಗದ ಜಾಗ ಗುರುತಿಟ್ಟುಕೊಂಡು, ಆಮೇಲೆ ಗಾಡಿಯ ಅಳತೆ ಬರೆಸಿ.

ಇಂತಿ,
ಕುರ್ಡಿಯ ಒಬ್ಬ ರೈತ