ಒಳಕ್ಕೆ ವಾಲಿದ ಪದರುಗಳು

ಸ್ವಿಟ್ಜರ್ಲೆಂಡಿನ ಜರ್ಮಾಟ್ ಊರಿನಲ್ಲಿ ನಿಂತು ತಲೆಯೆತ್ತಿದರೆ ಮ್ಯಾಟರ್‌ಹಾರ್ನ್ ಮನುಷ್ಯರು ಹತ್ತುವಂಥ ಶಿಖರವೆಂದು ಅನ್ನಿಸುವುದೇ ಇಲ್ಲ. 4,478 ಮೀಟರ್ ಎತ್ತರ, ನಾಲ್ಕು ಮುಖ, ಅವುಗಳ ನಡುವೆ ನಾಲ್ಕು ಚೂಪು ಏಣು. ಸುತ್ತಲಿನ ಹಿಮನದಿಗಳು ಎಲ್ಲ ದಿಕ್ಕಿನಿಂದಲೂ ಕೊರೆಯುತ್ತ ಬಂದು ಕೊನೆಗೆ ಉಳಿಸಿದ್ದು ಇಷ್ಟು. ಆಲ್ಪ್ಸ್‌ನ ಹೆಸರಾಂತ ಶಿಖರಗಳು ಒಂದೊಂದಾಗಿ ಮಣಿದ ಮೇಲೂ ಇದರ ನೆತ್ತಿಯನ್ನು 1865ರ ಬೇಸಿಗೆಯವರೆಗೆ ಯಾರೂ ಮೆಟ್ಟಿರಲಿಲ್ಲ.

ಇಂಗ್ಲೆಂಡಿನ ಎಡ್ವರ್ಡ್ ವಿಂಪರ್ ಮರದಚ್ಚು ಕೊರೆಯುವ ಕಲಾವಿದ. ರೇಖೆ, ಓರೆ, ಕೋನಗಳನ್ನು ಗಮನಿಸುವುದೇ ಅವನ ಕಸುಬು. 1861ರಿಂದ ಇಟಲಿಯ ಬದಿಯ ಏಣಿನಲ್ಲಿ ಮತ್ತೆ ಮತ್ತೆ ಹತ್ತಿ ಸೋತಿದ್ದ. ಆ ಕಡೆ ಬಂಡೆಯ ಪದರುಗಳು ಹೊರಕ್ಕೆ, ಕೆಳಮುಖವಾಗಿ ವಾಲಿವೆ. ಹೆಂಚಿನ ಮಾಡು ಹತ್ತಿದ ಹಾಗೆ, ಕಾಲಿಟ್ಟಲ್ಲೆಲ್ಲ ಜಾರಿಕೆ. ಇಲ್ಲಿ ಹೊರಕ್ಕೆ ವಾಲಿದ ಪದರು ಎದುರು ಬದಿಯಲ್ಲಿ ಬೆಟ್ಟದ ಒಳಕ್ಕೆ ವಾಲಿರಲೇಬೇಕು, ಅಲ್ಲಿ ಮೆಟ್ಟಿಲು ಸಿಗಬೇಕು ಎಂದು ವಿಂಪರ್ ಲೆಕ್ಕ ಹಾಕಿದ. ಊರಿನಿಂದ ನೆಟ್ಟಗೆ ನಿಂತಂತೆ ಕಾಣುವ ಪೂರ್ವಮುಖವನ್ನು ಪಕ್ಕದಿಂದ ನೋಡಿದಾಗ ಅದರ ಓರೆ 40 ಡಿಗ್ರಿಯ ಆಸುಪಾಸಿನದಷ್ಟೇ ಎಂಬುದೂ ತಿಳಿಯಿತು.

ಪರ್ವತಾರೋಹಣದ ಕಥೆಗಳಲ್ಲಿ ಎದೆಗಾರಿಕೆಗೆ ಸಿಗುವಷ್ಟು ಜಾಗ ಇಂಥ ನೋಟಕ್ಕೆ ಸಿಗುವುದಿಲ್ಲ. ಸಿಗಬೇಕು.

1865ರ ಜುಲೈ 14ರ ಮಧ್ಯಾಹ್ನ ವಿಂಪರ್ ಸೇರಿ ಏಳು ಜನ ಈಶಾನ್ಯದ ಹೋರ್ನ್ಲಿ ಏಣಿನಿಂದ ತುದಿ ಮುಟ್ಟಿದರು. ಇಟಲಿಯ ಕಡೆಯಿಂದ ಹತ್ತುತ್ತಿದ್ದ ಮಾರ್ಗದರ್ಶಿ ಕ್ಯಾರೆಲ್‌ನ ತಂಡ ಇನ್ನೂ ಕೆಳಗಿತ್ತು; ಅವನು ಶಿಖರ ತಲುಪಿದ್ದು ಮೂರು ದಿನಗಳ ನಂತರ. ವಿಂಪರ್‌ನ ತಂಡ ಇಳಿಯುವಾಗ 19 ವರ್ಷದ ಹ್ಯಾಡೊ ಜಾರಿ, ಮುಂದಿದ್ದ ಮಾರ್ಗದರ್ಶಿ ಮಿಷೆಲ್ ಕ್ರೋಗೆ ಬಡಿದ. ಅವರೊಂದಿಗೆ ಹಗ್ಗದಲ್ಲಿ ಕಟ್ಟಿಕೊಂಡಿದ್ದ ಹಡ್ಸನ್, ಫ್ರಾನ್ಸಿಸ್ ಡಗ್ಲಸ್ ಇಬ್ಬರೂ ಅವರ ಭಾರದ ಸೆಳೆತಕ್ಕೆ ಸಿಕ್ಕರು. ಡಗ್ಲಸ್ ಮತ್ತು ಇನ್ನೊಬ್ಬ ಮಾರ್ಗದರ್ಶಿ ಹಿರಿಯ ಪೀಟರ್ ಟೌಗ್‌ವಾಲ್ಡರ್ ನಡುವಿನ ಹಗ್ಗ ತುಂಡಾಗಿ, ನಾಲ್ವರೂ ಉತ್ತರಮುಖದಿಂದ ಹಿಮನದಿಗೆ ಬಿದ್ದರು. ಡಗ್ಲಸ್‌ನ ದೇಹ ಸಿಗಲೇ ಇಲ್ಲ. ಟೌಗ್‌ವಾಲ್ಡರ್ ಹಗ್ಗ ಕತ್ತರಿಸಿದನೆಂಬ ಗುಸುಗುಸು ಎದ್ದಿತು. ತಂದಿದ್ದ ಹಗ್ಗಗಳಲ್ಲಿ ಅದೇ ತೀರಾ ದುರ್ಬಲವಾದದ್ದೆಂದು ವಿಂಪರನೇ ಬರೆದಿದ್ದಾನೆ, ವಿಚಾರಣೆಯೂ ಆ ಮಾರ್ಗದರ್ಶಿಯ ಮೇಲೆ ತಪ್ಪು ಹೊರಿಸಲಿಲ್ಲ. ಆದರೂ ಆ ಅಪವಾದ ಅವನನ್ನು ಬಿಡಲಿಲ್ಲ. ಇದು ಘೋರ ಅನ್ಯಾಯ.

ವಿಂಪರ್ ಗಮನಿಸಿ ನೋಡಿದ ಆ ಬಂಡೆಗೂ ಒಂದು ಕಥೆಯಿದೆ. ಶಿಖರದ ನೈಸ್ ಎಂಬ ಶಿಲೆ ಒಂದು ಕಾಲಕ್ಕೆ ಆಫ್ರಿಕದ ಕಡೆಯ ಭೂಫಲಕದ ಅಂಚಾಗಿತ್ತು. ಅದರಡಿಯಲ್ಲಿರುವುದು ಅಳಿದುಹೋದ ಟೆಥಿಸ್ ಸಾಗರದ ತಳದ ಕಲ್ಲು. ಭೂಫಲಕಗಳ ಡಿಕ್ಕಿಯಲ್ಲಿ ನುಜ್ಜಾಗಿ ಬಿರುಕುಬಿಟ್ಟ ಈ ಬಂಡೆಯನ್ನು ಅಷ್ಟು ಎತ್ತರದಲ್ಲಿ ಹಿಡಿದಿಡುವುದರಲ್ಲಿ ಸಂದುಗಳೊಳಗೆ ವರ್ಷವಿಡೀ ಕರಗದೆ ಉಳಿಯುವ ಮಂಜುಗಡ್ಡೆಯ ಪಾಲು ದೊಡ್ಡದು. ಯುರೋಪ್ ಬೆಂದುಹೋದ 2003ರ ಜುಲೈನಲ್ಲಿ ಹೋರ್ನ್ಲಿ ಏಣಿನ ಒಂದು ಭಾಗ ಕಳಚಿ ಬಿತ್ತು. ಮೇಲೆ ಸಿಕ್ಕಿಬಿದ್ದ ಹತ್ತಾರು ಆರೋಹಿಗಳನ್ನು ಹೆಲಿಕಾಪ್ಟರ್‌ಗಳು ಇಳಿಸಿದವು. ಬಂಡೆ ಕಿತ್ತುಬಂದ ಜಾಗದಲ್ಲಿ ಮಂಜುಗಡ್ಡೆ ಬಯಲಾಗಿತ್ತು. ವಿಂಪರ್ ಹುಡುಕಿದ ಅದೇ ದಾರಿಯಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, ವಿಜ್ಞಾನಿಗಳು 2008ರಿಂದ ಸಂವೇದಕಗಳನ್ನು ಕೂರಿಸಿ ಬಿರುಕುಗಳ ಚಲನೆಯನ್ನು ಅಳೆಯುತ್ತಿದ್ದಾರೆ. ಮಾರ್ಗದರ್ಶಿಗಳು 3,260 ಮೀಟರ್ ಎತ್ತರದ ಹೋರ್ನ್ಲಿ ತಂಗುದಾಣದಿಂದ ಇನ್ನೂ ಕತ್ತಲಿರುವಾಗಲೇ ಹೊರಡುತ್ತಾರೆ. ಬಿಸಿಲೇರಿದಂತೆ ಮೇಲಿನಿಂದ ಕಲ್ಲು ಉರುಳುವ ಭಯ ಹೆಚ್ಚು.