ಕಷಾಯಕ್ಕಿಂತ ಮೊದಲು ಕಿಟಕಿ ನೋಡಿ

ಮಳೆ ನಿಂತು ಅಕ್ಟೋಬರ್ ಸೆಕೆ ಶುರುವಾದರೆ ನಮ್ಮ ದಾದರಿನ ಮಕ್ಕಳಿಗೆ ಸೀನು, ಕೆಮ್ಮು ತಪ್ಪಿದ್ದಲ್ಲ. ಊರಿಂದ ಅಜ್ಜಿಯರು ಫೋನಿನಲ್ಲೇ ದೊಡ್ಡಪತ್ರೆ ರಸ, ಜೇನು, ಶುಂಠಿ ಕಷಾಯ ಹೇಳುತ್ತಾರೆ. ಕೊಡಿ, ಗಂಟಲಿಗೆ ಹಿತ. ಆದರೆ ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬೇಡಿ. ಬೊಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ.

ಅಲರ್ಜಿಯ ಮೂಲ ಬೇರೆಯೇ ಇದೆ: ಗೋಡೆಯ ಬೂಷ್ಟು, ಹಾಸಿಗೆಯ ಧೂಳು, ಕಿಟಕಿಯಲ್ಲಿ ಒಣಗಿದ ಪಾರಿವಾಳದ ಹಿಕ್ಕೆ. 2025ರ ಆಗಸ್ಟ್‌ನಲ್ಲಿ ಪಾಲಿಕೆ ಇಲ್ಲಿನ ಕಬೂತರ್‌ಖಾನಾಕ್ಕೆ ತಾಡಪತ್ರಿ ಹೊದಿಸಿದಾಗ ಎಷ್ಟು ಗಲಾಟೆ! ನನ್ನ ಮಟ್ಟಿಗೆ ಅದು ಸರಿಯೇ. ಕಾಳು ಹಾಕಿ ಪುಣ್ಯ ಗಳಿಸುವವರು ಮಕ್ಕಳ ಉಸಿರನ್ನೂ ನೆನೆಯಬೇಕು.

ಬೂಷ್ಟು ಒರೆಸಿ, ಕಿಟಕಿಗೆ ಬಲೆ ಕಟ್ಟಿಸಿ, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಿರಿ. ನಿಜವಾದ ಮನೆಮದ್ದು ಇದೇ. ಎದೆಯಲ್ಲಿ ಸುಂಯ್ ಸುಂಯ್ ಸದ್ದು ಬಂದರೆ ಮಾತ್ರ ಯಾವ ಕಷಾಯಕ್ಕೂ ಕಾಯದೆ ಡಾಕ್ಟರ ಹತ್ತಿರ ಓಡಿ.