ಇಂಟರ್ನ್‌ಶಿಪ್ ಕಡ್ಡಾಯ ಸರಿ, ಜಾಗ ಎಲ್ಲಿದೆ?

ಕಂಪ್ಯೂಟರ್ ಸೈನ್ಸ್ ಓದುವ ಬಿಇ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಕೊನೆಯ ವರ್ಷ ಹತ್ತಿರ ಬಂದಂತೆ ಒಂದೇ ಪ್ರಶ್ನೆ ಓಡಾಡುತ್ತದೆ: 'ಇಂಟರ್ನ್‌ಶಿಪ್ ಎಲ್ಲಾದ್ರೂ ಸಿಕ್ತಾ?' ಅದರ ಬೆನ್ನಿಗೇ ಇನ್ನೊಂದು: 'ಸರ್ಟಿಫಿಕೇಟ್‌ಗೆ ಎಷ್ಟು ತಗೋತಾರೆ?' ಕೆಲಸ ಕಲಿಯೋಕೆ ಹೋಗುವ ವಿದ್ಯಾರ್ಥಿಯೇ ದುಡ್ಡು ಕೊಡಬೇಕು ಅನ್ನುವ ಈ ಎರಡನೇ ಪ್ರಶ್ನೆ ಈಗ ಯಾರಿಗೂ ವಿಚಿತ್ರ ಅನಿಸ್ತಾ ಇಲ್ಲ. ಆತಂಕ ಇರುವುದು ಅಲ್ಲೇ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಅದಕ್ಕೆ 10 ಕ್ರೆಡಿಟ್. ಇದನ್ನು ಮುಗಿಸದೆ ಪದವಿ ಇಲ್ಲ. ಉದ್ದೇಶ ಒಳ್ಳೆಯದೇ. ನಾಲ್ಕು ವರ್ಷ ನೋಟ್ಸ್ ಓದಿ, ಲ್ಯಾಬ್ ರೆಕಾರ್ಡ್ ಬರೆದು ಹೊರಬಂದ ಹುಡುಗನಿಗೆ ಗಿಟ್ ಬಳಸಲು ಬರುವುದಿಲ್ಲ, ಬೇರೆಯವರು ಬರೆದ ಕೋಡ್ ಓದಲು ಬರುವುದಿಲ್ಲ ಎಂದು ಕಂಪನಿಗಳು ವರ್ಷಗಳಿಂದ ಹೇಳುತ್ತಲೇ ಬಂದಿವೆ. ಅದರಲ್ಲಿ ಸತ್ಯವೂ ಇದೆ. ಸಾಫ್ಟ್‌ವೇರ್ ಕೆಲಸ ನಾಲ್ಕು ಜನರ ನಡುವೆ ಕೂತು, ತಪ್ಪು ಮಾಡಿ, ಬೈಸಿಕೊಂಡು ಕಲಿಯುವಂಥದ್ದು.

ಆದರೆ ಕಡ್ಡಾಯ ಮಾಡುವಾಗ ಒಂದು ಲೆಕ್ಕ ಬಿಟ್ಟುಹೋಯಿತು. ಇಷ್ಟು ವಿದ್ಯಾರ್ಥಿಗಳಿಗೆ ಅಷ್ಟು ವಾರ ಕೆಲಸ ಕಲಿಸುವ ಜಾಗ ಎಲ್ಲಿದೆ?

ಎಂಬಿಬಿಎಸ್ ಜೊತೆ ಹೋಲಿಸಿ ನೋಡಿ. ಅಲ್ಲಿ ಕೂಡ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಆದರೆ ಆಸ್ಪತ್ರೆ ಇಲ್ಲದೆ ಮೆಡಿಕಲ್ ಕಾಲೇಜು ತೆರೆಯಲು ಅನುಮತಿಯೇ ಸಿಗುವುದಿಲ್ಲ. ಸೀಟು ಹೆಚ್ಚಿಸಬೇಕಾದರೆ ಹಾಸಿಗೆ ಹೆಚ್ಚಿಸಬೇಕು. ಸರ್ಕಾರಿ ಕಾಲೇಜಿನ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಎಷ್ಟು ಅಂತ ಸರ್ಕಾರವೇ ಆದೇಶ ಹೊರಡಿಸುತ್ತದೆ, ಸಾಲದು ಅನಿಸಿದರೆ ಅವರು ಮುಷ್ಕರವನ್ನೂ ಹೂಡುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಇದು ಯಾವುದೂ ಇಲ್ಲ. ಜಾಗ ಹುಡುಕುವ ಹೊಣೆ ಪೂರ್ತಿ 21 ವರ್ಷದ ವಿದ್ಯಾರ್ಥಿಯ ತಲೆ ಮೇಲೆ.

ಇತ್ತ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಲೇ ಇದೆ. 2024-25ರಿಂದ ಎಐಸಿಟಿಇ ಉತ್ತಮ ಕಾಲೇಜುಗಳಿಗೆ ಒಂದು ಕೋರ್ಸ್‌ನಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿತು. ಬೇಡಿಕೆ ಇದ್ದದ್ದು ಕಂಪ್ಯೂಟರ್ ಸೈನ್ಸ್, ಎಐ, ಡೇಟಾ ಸೈನ್ಸ್‌ಗೆ. ಕಾಲೇಜುಗಳು ಅದನ್ನೇ ಹೆಚ್ಚಿಸಿಕೊಂಡವು. ಕಂಪನಿಗಳು ಮಾತ್ರ ಹೊಸಬರನ್ನು ತೆಗೆದುಕೊಳ್ಳುವಾಗ ಹಿಂದೆ ಮುಂದೆ ನೋಡುತ್ತಿವೆ. ಮೊದಲು ಫ್ರೆಶರ್‌ಗಳ ಕೈಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್, ಟೆಸ್ಟಿಂಗ್ ಕೆಲಸದಲ್ಲಿ ಒಂದು ಪಾಲನ್ನು ಈಗ ಎಐ ಟೂಲ್‌ಗಳೇ ಮಾಡುತ್ತಿವೆ.

ಖಾಲಿ ಜಾಗ ತುಂಬಿದವರು

ಬೇಡಿಕೆ ಇದ್ದು ಪೂರೈಕೆ ಇಲ್ಲದ ಕಡೆ ದಲ್ಲಾಳಿ ಹುಟ್ಟುತ್ತಾನೆ. ಇಲ್ಲೂ ಆದದ್ದು ಅದೇ. ಒಂದು ವೆಬ್‌ಸೈಟ್, ಒಂದು ಲೋಗೋ, ಒಂದು ಟೆಲಿಗ್ರಾಂ ಗ್ರೂಪ್ ಇದ್ದರೆ ಸಾಕು, 'ವರ್ಚುವಲ್ ಇಂಟರ್ನ್‌ಶಿಪ್' ಶುರು. ಕ್ಯಾಲ್ಕುಲೇಟರ್ ಮಾಡಿ, ಟು-ಡು ಲಿಸ್ಟ್ ಮಾಡಿ, ಲಿಂಕ್ಡ್‌ಇನ್‌ನಲ್ಲಿ ನಮ್ಮನ್ನು ಟ್ಯಾಗ್ ಮಾಡಿ ಪೋಸ್ಟ್ ಹಾಕಿ, ಆಮೇಲೆ ಫೀಸ್ ಕಟ್ಟಿ ಸರ್ಟಿಫಿಕೇಟ್ ತಗೊಳ್ಳಿ. ಅಲ್ಲಿ ಕೋಡ್ ನೋಡುವವರು ಇಲ್ಲ, ತಿದ್ದುವವರು ಇಲ್ಲ, ನಿಜವಾದ ಗ್ರಾಹಕ ಅಂತೂ ಇಲ್ಲವೇ ಇಲ್ಲ. ತರಬೇತಿ ಕೊಡುವುದಾದರೆ ಫೀಸ್ ಕೇಳಲಿ, ಅದನ್ನು ಕೋರ್ಸ್ ಅಂತ ಕರೆಯಲಿ. ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಮಾರಿದಾಗ ಅದು ಮೋಸ.

ಇದು ಕಾಲೇಜುಗಳಿಗೆ ಗೊತ್ತಿಲ್ಲ ಅಂತ ಹೇಳುವುದು ಕಷ್ಟ. ಫೈಲ್‌ನಲ್ಲಿ ಸರ್ಟಿಫಿಕೇಟ್ ಇದ್ದರೆ ಮೌಲ್ಯಮಾಪನ ಮುಗಿಯಿತು, ಕ್ರೆಡಿಟ್ ಬಂತು. ಪ್ರಶ್ನೆ ಕೇಳಿದರೆ ಬೇರೆ ಜಾಗ ಹುಡುಕಿಕೊಡುವ ಹೊಣೆ ಮೈಮೇಲೆ ಬರುತ್ತದಲ್ಲ?

ನಿಜವಾದ ಇಂಟರ್ನ್‌ಶಿಪ್ ಸಿಕ್ಕಿದವರ ಕಥೆಯೂ ಸಲೀಸಲ್ಲ. ಕೆಲಸ ಇರುವುದು ಹೆಚ್ಚಾಗಿ ಬೆಂಗಳೂರಿನಲ್ಲಿ. ರಾಯಚೂರು, ಬೀದರ್, ಗದಗ ಕಡೆಯ ವಿದ್ಯಾರ್ಥಿ ಬರಬೇಕು, ಪಿಜಿ ಹುಡುಕಬೇಕು, ಅಡ್ವಾನ್ಸ್ ಕೊಡಬೇಕು, ಊಟ, ಬಸ್ಸು, ಮೆಟ್ರೋ ಖರ್ಚು ನೋಡಿಕೊಳ್ಳಬೇಕು. ಸ್ಟೈಪೆಂಡ್ ಇಲ್ಲ ಅಂದ್ರೆ ನಾಲ್ಕೈದು ತಿಂಗಳ ಈ ಖರ್ಚು ಅಪ್ಪ-ಅಮ್ಮನ ಮೇಲೆ. ಬೆಂಗಳೂರಲ್ಲೇ ಮನೆ ಇರುವವರಿಗೆ ಇದು ದೊಡ್ಡ ವಿಷಯ ಅಲ್ಲ. ಎರಡು ಎಕರೆ ಹೊಲ ಇರುವ ಮನೆಗೆ ಇದು ಸಾಲ. 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಹುಡುಗಿಗೆ ಎಂಜಿನಿಯರಿಂಗ್ ಸೀಟು ಸಿಗಬಹುದು. ಅದೇ ಪದವಿ ಮುಗಿಸಲು ಬೇಕಾದ ಇಂಟರ್ನ್‌ಶಿಪ್‌ಗೆ ಮಾತ್ರ ಅವಳು ತನ್ನ ಜೇಬು, ತನ್ನ ಪರಿಚಯವನ್ನೇ ನೆಚ್ಚಬೇಕು. ಎರಡೂ ಇಲ್ಲದವಳು ಮತ್ತೆ ಅದೇ ಸರ್ಟಿಫಿಕೇಟ್ ಅಂಗಡಿಗೆ ಹೋಗುತ್ತಾಳೆ.

ಕಾನೂನು ಏನು ಹೇಳುತ್ತೆ?

ಅಪ್ರೆಂಟಿಸ್ ಆದವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ ₹9,000 ಸ್ಟೈಪೆಂಡ್ ನಿಗದಿಯಾಯಿತು, ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಓದುತ್ತಿರುವಾಗಲೇ ಇಂಟರ್ನ್‌ಶಿಪ್‌ಗೆ ಹೋಗುವ ವಿದ್ಯಾರ್ಥಿಗೆ ಹೀಗೆ ಹೆಸರು ಹಿಡಿದು ರಕ್ಷಣೆ ಕೊಡುವ ಕಾಯ್ದೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ ₹5,000 ಕೊಡುತ್ತೇವೆ ಅಂತು. ಆದರೆ ಶುರುವಾಗುವಾಗಲೇ ಪೂರ್ಣಾವಧಿ ಓದುತ್ತಿರುವವರನ್ನು ಹೊರಗಿಟ್ಟಿತು. ಅಂದರೆ ಇಂಟರ್ನ್‌ಶಿಪ್ ಯಾರಿಗೆ ಕಡ್ಡಾಯವೋ ಅವರಿಗೇ ಅದು ದಕ್ಕಲಿಲ್ಲ.

ಕಲಿಯುವ ಹಂತದಲ್ಲಿದ್ದೀರಿ ಎಂಬ ಕಾರಣಕ್ಕೆ ಹಕ್ಕು ಇಲ್ಲವಾಗುವುದು ಹೇಗೆ ಅಂತ 2025ರ ಫೆಬ್ರುವರಿಯಲ್ಲಿ ಮೈಸೂರಿನಲ್ಲಿ ಕಂಡೆವು. ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಆಂತರಿಕ ಪರೀಕ್ಷೆ ಪಾಸಾಗದ 300ಕ್ಕೂ ಹೆಚ್ಚು ಟ್ರೇನಿಗಳನ್ನು ಹೊರಗೆ ಕಳಿಸಲಾಯಿತು. ದೂರು ಹೋಯಿತು, ರಾಜ್ಯದ ಕಾರ್ಮಿಕ ಇಲಾಖೆ ವಿಚಾರಣೆಯನ್ನೂ ನಡೆಸಿತು. ಅವರು ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಹಾಗಾಗಿ ಇದನ್ನು ಲೇಆಫ್ ಅನ್ನಲಾಗದು ಎಂಬ ನಿಲುವು ಇಲಾಖೆಯದ್ದು ಎಂದು ವರದಿಯಾಯಿತು. ಆಫರ್ ಲೆಟರ್ ಕೈಯಲ್ಲಿದ್ದ ಟ್ರೇನಿಗಳ ಸ್ಥಿತಿಯೇ ಹೀಗಾದರೆ ಇಂಟರ್ನ್‌ಗಳ ಪಾಡು ಊಹಿಸಿಕೊಳ್ಳಿ.

ಮನಸ್ಸು ಮಾಡಿದರೆ ಕಾನೂನು ಇವರನ್ನು ಒಳಗೆ ತರಬಲ್ಲದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೇನಿ, ಅಪ್ರೆಂಟಿಸ್, ಬೇರೆ ಯಾವ ಹೆಸರಿನಿಂದ ಕರೆದರೂ ಸರಿ, ಅವರನ್ನೂ 'ಉದ್ಯೋಗಿ' ಅಂತಲೇ ಪರಿಗಣಿಸುತ್ತದೆ. ಅದೇ ದಾರಿಯಲ್ಲಿ ಸ್ಟೈಪೆಂಡ್, ಕೆಲಸದ ಅವಧಿಯ ವಿಷಯಕ್ಕೂ ಹೋಗಲು ಅಡ್ಡಿಯೇನು?

ಮಾಡಬಹುದಾದದ್ದು

ಕಂಪನಿಗಳ ಕಡೆಯಿಂದ ಒಂದು ಮಾತು ಬರುತ್ತದೆ: ಇಂಟರ್ನ್‌ಗೆ ಕಲಿಸಲು ಸೀನಿಯರ್ ಎಂಜಿನಿಯರ್ ಸಮಯ ಹೋಗುತ್ತೆ, ಅದರ ಮೇಲೆ ಸ್ಟೈಪೆಂಡ್ ಕೂಡ ಅಂದ್ರೆ ಹೇಗೆ? ಹುಬ್ಬಳ್ಳಿಯಲ್ಲಿ ಹತ್ತು ಜನರ ಸ್ಟಾರ್ಟ್‌ಅಪ್ ನಡೆಸುವವರು ಹೀಗೆ ಕೇಳಿದರೆ ಒಪ್ಪಬೇಕಾದ ಮಾತೇ. ಅಂಥವರಿಗೆ ಅಪ್ರೆಂಟಿಸ್ ಮಾದರಿಯಲ್ಲೇ ಸರ್ಕಾರ ಅರ್ಧ ಹಣ ಕೊಡಲಿ. ಆದರೆ ಸರ್ಕಾರದಿಂದ ಭೂಮಿ, ರಿಯಾಯಿತಿ ಪಡೆದು ಬೆಳೆದ ದೊಡ್ಡ ಕಂಪನಿಗಳು ಇದೇ ಮಾತು ಆಡಿದರೆ ಕೇಳಿಸಿಕೊಳ್ಳಬೇಕಿಲ್ಲ. ಪ್ರೋತ್ಸಾಹ ಧನದ ಜೊತೆಗೇ 'ಇಷ್ಟು ಇಂಟರ್ನ್‌ಗಳು, ಅದರಲ್ಲಿ ಇಷ್ಟು ಜನ ಜಿಲ್ಲಾ ಕಾಲೇಜುಗಳಿಂದ' ಎಂಬ ಷರತ್ತು ಹಾಕಲಿ.

ವಿಟಿಯು ಇಂದೇ ಮಾಡಬಹುದಾದ ಕೆಲಸ ಎರಡು. ಒಂದು, ವಿದ್ಯಾರ್ಥಿಯಿಂದ ಹಣ ಪಡೆದ ಸಂಸ್ಥೆಯ ಸರ್ಟಿಫಿಕೇಟ್‌ಗೆ ಕ್ರೆಡಿಟ್ ಇಲ್ಲ ಎಂಬ ಸುತ್ತೋಲೆ ಹೊರಡಿಸಿ ಜಾರಿ ಮಾಡುವುದು. ಎರಡು, ಯಾವ ಕಾಲೇಜಿನಿಂದ ಎಷ್ಟು ಮಂದಿ ಎಲ್ಲಿಗೆ ಹೋದರು, ಎಷ್ಟು ಮಂದಿಗೆ ಸ್ಟೈಪೆಂಡ್ ಸಿಕ್ಕಿತು ಎಂಬ ಪಟ್ಟಿಯನ್ನು ಪ್ರತಿ ವರ್ಷ ಪ್ರಕಟಿಸುವುದು. ಪ್ಲೇಸ್‌ಮೆಂಟ್ ಅಂಕಿಯನ್ನು ಬಸ್ಸಿನ ಹಿಂದೆ ಹಾಕಿಸುವ ಕಾಲೇಜುಗಳು ಈ ಅಂಕಿಯನ್ನೂ ಹೇಳಲಿ. ಸಿಇಟಿ ಬರೆದ ಮಕ್ಕಳ ಪೋಷಕರಿಗೆ ಅದು ಉಪಯೋಗಕ್ಕೆ ಬರುತ್ತೆ.

ಇನ್ನು ಸರ್ಕಾರದ ಬಳಿಯೇ ಬೇಕಾದಷ್ಟು ಕೆಲಸ ಇದೆ. ಭೂಮಿ, ಕಾವೇರಿ, ಸೇವಾಸಿಂಧು ಮುಂತಾದ ತಂತ್ರಾಂಶಗಳನ್ನು ದಿನವೂ ಲಕ್ಷಾಂತರ ಜನ ನೆಚ್ಚಿಕೊಂಡಿದ್ದಾರೆ. ಸರ್ವರ್ ಡೌನ್ ಅಂತ ನಾಡಕಚೇರಿ ಮುಂದೆ ಕಾಯುವವರು ಎಷ್ಟು ಜನ! ಕನ್ನಡದ ಫಾರಂ ಸರಿಯಾಗಿ ಕಾಣದಿರುವುದು, ಮೊಬೈಲ್‌ನಲ್ಲಿ ಪುಟ ತೆರೆಯದಿರುವುದು, ಪರೀಕ್ಷೆ ಮಾಡದೆ ಬಿಟ್ಟ ಅಪ್‌ಡೇಟ್ ಇವೆಲ್ಲ ಒಬ್ಬ ಇಂಟರ್ನ್ ಅನುಭವಿ ಎಂಜಿನಿಯರ್ ಕೈಕೆಳಗೆ ನಾಲ್ಕು ತಿಂಗಳು ಕೂತು ಕಲಿಯಲು ತಕ್ಕ ಕೆಲಸಗಳು. ಜನರ ಖಾಸಗಿ ಮಾಹಿತಿ ಮುಟ್ಟದ ಹಾಗೆ ಪ್ರತ್ಯೇಕ ಟೆಸ್ಟ್ ವ್ಯವಸ್ಥೆಯಲ್ಲಿ ಇದನ್ನು ಮಾಡಿಸಬಹುದು. ಜಿಲ್ಲಾ ಕೇಂದ್ರದಲ್ಲೇ ನಡೆದರೆ ಪಿಜಿ ಖರ್ಚೂ ಉಳಿಯುತ್ತದೆ.

ಇದಕ್ಕೆಲ್ಲ ಸಮಯ ಬೇಕು ಅಂದರೆ, ಅಲ್ಲಿಯವರೆಗೆ ಹೊರಗೆ ಜಾಗ ಸಿಗದ ವಿದ್ಯಾರ್ಥಿಗೆ ಕಾಲೇಜಿನಲ್ಲೇ ಅಧ್ಯಾಪಕರ ಜೊತೆ ಒಂದು ನಿಜವಾದ ಪ್ರಾಜೆಕ್ಟ್ ಮಾಡಿ ಆ 10 ಕ್ರೆಡಿಟ್ ಪಡೆಯುವ ದಾರಿ ಸಲೀಸಾಗಿ ಸಿಗಲಿ. ಸುಳ್ಳು ಸರ್ಟಿಫಿಕೇಟ್ ಕೊಂಡು ವೃತ್ತಿಜೀವನ ಶುರು ಮಾಡುವ ಗತಿ ಯಾವ ವಿದ್ಯಾರ್ಥಿಗೂ ಬರಬಾರದು.